ಎರಿ ಹೊಲದ ಹಸಿ ಅಳತಿ ಮಾಡಾಕ ಹೋಗಿ ಅಗ್ರಿಟೆಕ್ ಕೆಲಸಕ್ಕ ಬಂದ್ನಿ

ನಮ್ಮೂರು ಗದಗ ಜಿಲ್ಲಾ ರೋಣ ತಾಲೂಕಿನಾಗ ಐತಿ. ಎಂಟ ಎಕರೆ ಎರಿ ಭೂಮಿ, ಅಂದ್ರ ಕರಿ ಮಣ್ಣು, ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲಿ ಇಲ್ಲಾ ಬಿಳಿ ಜ್ವಾಳ, ಹೊಲದ ಮೂಲ್ಯಾಗ ಒಂದ ಕೃಷಿ ಹೊಂಡ. ನಾ ಈಗ ಮಣ್ಣಿನ ಹಸಿ ಅಳಿಯೋ ಸೆನ್ಸಾರ್ ಮಾಡೋ ಸಣ್ಣ ಕಂಪನಿಯೊಳಗ ಫೀಲ್ಡ್ ಇಂಜಿನಿಯರ್ ಅದೀನಿ, ರೂಮು ಹುಬ್ಬಳ್ಳ್ಯಾಗ, ಆದ್ರ ತಿಂಗಳದಾಗ ಅರ್ಧದಷ್ಟ ದಿನಾ ಯಾರದರ ಹೊಲದಾಗ ಕಳೀತಾವು. ಊರ ಕಡೆ ಪಿಯುಸಿ ಓದೋ ಹುಡುಗ್ಯಾರು ಹುಡುಗ್ರು ಫೋನ್ ಮಾಡಿ ಅಕ್ಕಾ ನೀವು ಇದಕ್ಕ ಹೆಂಗ ಬಂದ್ರಿ, ನಾವೇನ ಓದಬೇಕು ಅಂತ ಕೇಳ್ತಾರ, ಪ್ರತಿ ಸರ್ತಿ ಅರ್ಧ ಹೇಳೂದ್ರೊಳಗ ಕಾಲ್ ಕಟ್ ಆಗತೈತಿ, ಅದಕ್ಕ ಈ ಸರ್ತಿ ಪೂರ್ತಿ ಬರದು ಇಡ್ತೀನಿ.

ನನಗ ಬೇಕಾಗಿದ್ದು ಬಿಎಸ್ಸಿ ಅಗ್ರಿ. ಸಣ್ಣಾಕಿ ಇದ್ದಾಗ ಅಪ್ಪ ಧಾರವಾಡ ಕೃಷಿ ಮೇಳಕ್ಕ ಕರಕೊಂಡ ಹೋಗ್ತಿದ್ದ, ಆ ಕೃಷಿ ವಿಶ್ವವಿದ್ಯಾಲಯದ ಪ್ಲಾಟಿನ್ಯಾಗ ಒಂದೊಂದ ತಳಿಗೆ ಒಂದೊಂದ ಬೋರ್ಡ್ ಹಚ್ಚಿರ್ತಾರಲ್ಲ, ಅದನ್ನ ಓದಕೋತ ಅಡ್ಡಾಡೋದಂದ್ರ ನನಗ ಜಾತ್ರಿಗಿಂತ ಹೆಚ್ಚು. ಪಿಯುಸಿ ಮುಗದ ಮ್ಯಾಲೆ ರೈತರ ಮಕ್ಕಳ ಕೋಟಾದಾಗ ಅರ್ಜಿ ಹಾಕಿದ್ನಿ. ಅದಕ್ಕ ಪ್ರಾಕ್ಟಿಕಲ್ ಪರೀಕ್ಷಾ ಇರತೈತಿ, ಬೀಜ, ಗೊಬ್ಬರ, ಒಕ್ಕಲತನದ ಸಾಮಾನು ಮುಂದ ಇಟ್ಟು ಇದೇನು ಅಂತ ಕೇಳ್ತಾರ. ಅದು ಚಲೋ ಆತು, ಆದ್ರ ಸಿಇಟಿ ರ‍್ಯಾಂಕ್ ಮುಟ್ಟಲಿಲ್ಲ, ಸೀಟ್ ಸಿಗಲಿಲ್ಲ. ಎರಡ ದಿನ ಊಟ ಬಿಟ್ಟು ಅತ್ತು, ಆಮ್ಯಾಲೆ ಹುಬ್ಬಳ್ಳ್ಯಾಗ ಎಲೆಕ್ಟ್ರಾನಿಕ್ಸ್ ತಗೊಂಡ್ನಿ. ನಿಮ್ಮ ಮನ್ಯಾಗ ಹೊಲ ಇದ್ರ ಆ ಕೋಟಾಕ್ಕ ಬೇಕಾದ ಕಾಗದ ಪತ್ರ ಮೊದಲ ಮಾಡಿಸಿ ಇಟಗೋರಿ, ಕಡೀ ವಾರದಾಗ ಆಫೀಸಿಗೆ ಓಡಾಡೋ ಹುಡುಗ್ರನ್ನ ನೋಡಿ ನನಗ ಭಾಳ ಸಂಕಟ ಆಗತೈತಿ.

ಮೂರ ವರ್ಷ ಹೊಲಕ್ಕೂ ನನ್ನ ಓದಿಗೂ ಸಂಬಂಧನ ಇರಲಿಲ್ಲ. ಫೈನಲ್ ಇಯರ್ ಪ್ರಾಜೆಕ್ಟ್ ಬಂದಾಗ ನಾವು ಮೂರ ಮಂದಿ ಹುಡುಗ್ಯಾರು ಸೇರಿ ಮಣ್ಣಿನ ಹಸಿ ತೋರಿಸೋ ಯಂತ್ರ ಮಾಡೋದು ಅಂತ ಠರಾವ್ ಮಾಡಿದ್ವಿ. ಗೈಡ್ ಇದ್ದವ್ರು ಇದು ಹಳೇ ಟಾಪಿಕ್, ಬ್ಯಾರೆ ತಗೋರಿ ಅಂದ್ರು, ನಾ ಹಠ ಹಿಡದ್ನಿ. ಇಎಸ್‌ಪಿ 32 ಅನ್ನೋ ಸಣ್ಣ ಕಂಪ್ಯೂಟರ್ ಬೋರ್ಡು, ಮಣ್ಣಾಗ ಹುಗಿಯೋ ಕೆಪ್ಯಾಸಿಟಿವ್ ಸೆನ್ಸಾರು, ಸಣ್ಣ ಸೋಲಾರ್ ಪ್ಲೇಟು, ದೂರದ ತನಕ ಸಣ್ಣ ಸಣ್ಣ ಡೇಟಾ ಕಳಿಸೋ ಲೋರಾ ರೇಡಿಯೋ. ಈ ಲೋರಾ ನಮ್ಮ ದೇಶದಾಗ 865 ರಿಂದ 868 ಮೆಗಾಹರ್ಟ್ಸ್ ನಡುವ ಲೈಸೆನ್ಸ್ ಇಲ್ಲದ ಓಡಸಬಹುದು, ಹೊಲದಾಗ ಸಿಮ್ ನೆಟ್‌ವರ್ಕ್ ಸಿಗದಿದ್ರೂ ಮನಿ ಮ್ಯಾಲೆ ಸಿಗ್ನಲ್ ಹಿಡಿಯಾಕ ಇಟ್ಟ ಗೇಟ್‌ವೇ ತನಕ ಡೇಟಾ ಬರತೈತಿ. ಲ್ಯಾಬಿನ್ಯಾಗ ಹೂವಿನ ಕುಂಡಲಿಗೆ ನೀರ ಹಾಕಿದ್ರ ನಂಬರ್ ಏರತಿತ್ತು, ಒಣಗಿದ್ರ ಇಳೀತಿತ್ತು, ಎಲ್ಲಾರೂ ಛಲೋ ಆಗೇತಿ ಅಂದ್ರು. ಅಕ್ಟೋಬರದಾಗ ಚಿತ್ತಿ ಮಳಿಗೆ ಅಪ್ಪ ಕಡಲಿ ಬಿತ್ತಿದ ಮ್ಯಾಲೆ ನಾ ಅದನ್ನ ಒಯ್ದು ಹೊಲದ ನಡುವ ಹುಗದು ಬಂದ್ನಿ.

ಡಿಸೆಂಬರ್ ಮೊದಲನೇ ವಾರ ಹಾಸ್ಟೆಲ್ಲಿನ್ಯಾಗ ಮೊಬೈಲ್ ನೋಡ್ತೀನಿ, ನಂಬರ್ ಬಡಾಬಡಾ ಇಳದು ಪೂರ್ತಿ ಒಣ ಅಂತ ತೋರಸಾಕತ್ತೈತಿ. ಅಪ್ಪಗ ಫೋನ್ ಹಚ್ಚಿ, ನೀರ ಬಿಡು ಅಂದ್ನಿ. "ಹಸಿ ಐತಲ್ಲವಾ ಇನ್ನ, ಹೂವ ಹಿಡದೈತಿ, ಈಗ ನೀರ ಬ್ಯಾಡ" ಅಂದ. ನಾ ಬಿಡಲಿಲ್ಲ, ಮಷಿನ್ ಸುಳ್ಳ ಹೇಳಂಗಿಲ್ಲ ಅಂದ್ನಿ. ಮಗಳ ಮಾತಿಗೆ ಬೆಲಿ ಕೊಟ್ಟು ಹೊಂಡಕ್ಕ ಇಂಜಿನ್ ಹಚ್ಚಿ ಸ್ಪ್ರಿಂಕ್ಲರ್‌ಲೆ ಎರಡ ಎಕರೆ ತೋಯಿಸಿದ.

ಕಡಲಿ ಬೆಳದವ್ರಿಗೆ ಮುಂದಿಂದು ಹೇಳೋದ ಬ್ಯಾಡ. ಎರಿ ಭೂಮ್ಯಾಗ ತುಂಬಿದ ಹೂವಿನ್ಯಾಗ ನೀರ ಕೊಟ್ರ ಗಿಡಾ ಕಾಯಿ ಕಟ್ಟೋದ ಬಿಟ್ಟು ಎಲಿ ಬಿಟಗೊಂಡು ಮ್ಯಾಲೆ ಏಳತೈತಿ. ಸಂಕ್ರಮಣಕ್ಕ ಊರಿಗೆ ಹೋದಾಗ ಆ ಎರಡ ಎಕರೆ ಹಸರ ಹಸರ ನಿಂತಿತ್ತು, ನೋಡಾಕ ಚಂದ, ಕೈ ಹಾಕಿ ನೋಡಿದ್ರ ಕಾಯಿ ಇಲ್ಲ. ಉಳದ ಹೊಲದಾಗ ಎಕರೇಕ ಐದ ಚೀಲ ಬಂತು, ಅದ್ರಾಗ ಮೂರೂವರಿ. ಅಪ್ಪ ಒಂದ ಮಾತ ಬೈಲಿಲ್ಲ, ಸಲಕಿ ತಗೊಂಡು "ಬಾ, ನೋಡೂಣು" ಅಂತ ಸೆನ್ಸಾರ್ ಹತ್ರ ಕರಕೊಂಡ ಹೋದ. ಅಲ್ಲಿ ಭೂಮಿ ಬಿರಿ ಬಿಟ್ಟಿತ್ತು, ನನ್ನ ಕೈ ಮಣಿಕಟ್ಟಿನ ತನಕ ಇಳೀತು, ಸೆನ್ಸಾರಿನ ಒಂದ ಮೈ ಪೂರ್ತಿ ಆ ಬಿರಿಯೊಳಗ ಬರೇ ಗಾಳ್ಯಾಗ ನಿಂತಿತ್ತು. ಮೊಳದಷ್ಟ ದೂರ ಬಂದು, ನೀರ ಬಿಡದ ಹೊಲದಾಗ ಅಪ್ಪ ಒಂದ ಗೇಣ ಅಗದು ಮಣ್ಣ ತಗದು ಮುಟಗ್ಯಾಗ ಹಿಚುಕಿ ನನ್ನ ಕೈಯಾಗ ಇಟ್ಟ. ಉಂಡಿ ಕಟ್ಟಿತ್ತು, ತಣ್ಣಗಿತ್ತು.

ಆ ಉಂಡಿ ನಾ ಟಿಫಿನ್ ಡಬ್ಬ್ಯಾಗ ಹಾಕ್ಕೊಂಡು ಹುಬ್ಬಳ್ಳಿಗೆ ತಂದ್ನಿ. ಖರೇ ಹೇಳಬೇಕಂದ್ರ ನನ್ನ ಕೆಲಸ ಶುರು ಆಗಿದ್ದು ಅವತ್ತ.

ತಪ್ಪ ಎಲ್ಲಿತ್ತಂದ್ರ, ಈ ಸೆನ್ಸಾರ್ ನೀರನ್ನ ನೇರ ಅಳಿಯಂಗಿಲ್ಲ, ಸುತ್ತಲಿನ ವಸ್ತು ಕರೆಂಟಿನ ಚಾರ್ಜ್ ಎಷ್ಟ ಹಿಡಕೊಂತೈತಿ ಅನ್ನೋದನ್ನ ಅಳೀತೈತಿ. ಆ ಗುಣ ನೀರಿಗೆ ಸುಮಾರು 80, ಒಣ ಮಣ್ಣಿಗೆ ಮೂರರಿಂದ ಐದು, ಗಾಳಿಗೆ ಒಂದು. ಅಂದ್ರ ಕೂದಲಷ್ಟ ಗಾಳಿ ಸಂದಿ ಬಿದ್ರೂ ಅದಕ್ಕ ಬರಗಾಲ ಕಂಡಂಗ. ಹೂವಿನ ಕುಂಡಲ್ಯಾಗ ಇದ್ದಿದ್ದು ನರ್ಸರಿ ಮಣ್ಣು, ಅದು ಬಿರಿಯಂಗಿಲ್ಲ. ಎರಿ ಮಣ್ಣು ನೀರ ಕುಡದಾಗ ಉಬ್ಬತೈತಿ, ಒಣಗಿದಾಗ ಕುಗ್ಗಿ ಸೀಳತೈತಿ, ಇದು ನಮ್ಮೂರಾಗ ದನಾ ಕಾಯೋ ಹುಡುಗಗೂ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದದ್ದನ್ನ ಲ್ಯಾಬಿನೊಳಗ ನಾ ತಗೊಂಡ ಹೋಗಿರಲಿಲ್ಲ ಅಷ್ಟ.

ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕ ಹೋಗಿ ಮಣ್ಣಿನ ವಿಭಾಗದ ಒಬ್ಬ ಸರ್‌ನ್ನ ಕಂಡ್ನಿ. ಗುರುತು ಪರಿಚಯ ಏನೂ ಇರಲಿಲ್ಲ, ಚಿಗರಿ ಬಸ್ ಹತ್ತಿ ಹೋಗಿ ಬಾಗಲದಾಗ ನಿಂತ್ನಿ. ಅವ್ರು ಎರಡ ತಾಸ ಕುಂದ್ರಿಸಿ ಹೇಳಿಕೊಟ್ರು. ಹಸೇ ಮಣ್ಣ ತೂಕ ಮಾಡು, 105 ಡಿಗ್ರಿ ಓವನ್ನಿನ್ಯಾಗ 24 ತಾಸ ಇಡು, ಮತ್ತ ತೂಕ ಮಾಡು. 100 ಗ್ರಾಂ ಇದ್ದದ್ದು 76 ಆದ್ರ ಹೋದ ನೀರು 24 ಗ್ರಾಂ, ಅದನ್ನ 76 ರಿಂದ ಭಾಗಿಸಬೇಕು, ಅಂದ್ರ 31.6 ಪರ್ಸೆಂಟ್. ನಾವು ರಿಪೋರ್ಟಿನ್ಯಾಗ 100 ರಿಂದ ಭಾಗಿಸಿ 24 ಅಂತ ಬರದಿದ್ವಿ. ಒಣ ಮಣ್ಣಿನ ತೂಕದಲೆ ಭಾಗಿಸಬೇಕು, ಇದನ್ನ ಮರೀಬ್ಯಾಡ್ರಿ, ಇವತ್ತಿಗೂ ಇಂಟರ್ವ್ಯೂಕ ಬರೋವ್ರು ಹತ್ತರಾಗ ಆರ ಮಂದಿ ಇಲ್ಲೇ ಎಡವತಾರ.

ಓವನ್ ನಮ್ಮ ಕಾಲೇಜಿನ ಸಿವಿಲ್ ಡಿಪಾರ್ಟ್‌ಮೆಂಟಿನ್ಯಾಗ ಇತ್ತು. ಮುಂದಿನ ಹಿಂಗಾರಿ ಹೊತ್ತಿಗೆ ಡಿಗ್ರಿ ಮುಗದಿತ್ತು, ಗೆಳತ್ಯಾರು ಬೆಂಗಳೂರಿಗೆ ಹೋದ್ರು, ನಾ ಆರ ತಿಂಗಳ ಮನ್ಯಾಗ ಉಳಕೊಂಡ್ನಿ. ಮಂದಿ ಏನೇನೋ ಅಂದ್ರು, ನಮ್ಮವ್ವ ಎದುರ ನಿಂತ್ಲು. ವಾರಕ್ಕೊಮ್ಮೆ ಹೊಲದಾಗ ಆರ ಕಡೆ ಮಣ್ಣ ತಗದು ತಗಡಿನ ಡಬ್ಬ್ಯಾಗ ಹಾಕಿ, ಹಸಿ ಹಾರಬಾರದು ಅಂತ ಮುಚ್ಚಳಕ್ಕ ಟೇಪ್ ಸುತ್ತಿ, ರೋಣದಿಂದ ಗದಗ, ಗದಗದಿಂದ ಹುಬ್ಬಳ್ಳಿ ಬಸ್ಸಿನ್ಯಾಗ ಒಯ್ತಿದ್ನಿ. ಒಂದ ನೋಟ್‌ಬುಕ್ ಇಟ್ಟಿದ್ನಿ, ಎಡಕ್ಕ ಅಪ್ಪ ಹೇಳಿದ್ದು, ಬಲಕ್ಕ ಓವನ್ ಹೇಳಿದ್ದು. ಮಣ್ಣ ಮುಟ್ಟಿ ಅಪ್ಪ ಮೊದಲ ತನ್ನ ಮಾತ ಹೇಳಬೇಕು, ಆಮ್ಯಾಲೆ ತೂಕ. ಅಪ್ಪ "ಭರ್ತಿ ಹಸಿ" ಅಂದಾಗೆಲ್ಲ 32 ರಿಂದ 35 ಬಂತು, "ಹದ ಐತಿ" ಅಂದಾಗ 26 ರಿಂದ 29, "ಆರಾಕತ್ತೈತಿ" ಅಂದಾಗ 22-23. ಹದಿನಾಲ್ಕ ವಾರದಾಗ ಎರಡ ಸರ್ತಿ ಅಷ್ಟ ತಪ್ಪಿತು. ಆ ನೋಟ್‌ಬುಕ್ ನನ್ನ ಡಿಗ್ರಿ ಸರ್ಟಿಫಿಕೇಟಿಗಿಂತ ದೊಡ್ಡದು ಅಂತ ನಾ ಇವತ್ತಿಗೂ ನಂಬೀನಿ.

ಸೆನ್ಸಾರ್ ಹುಗಿಯೋ ರೀತಿನೂ ಬದಲ ಮಾಡಿದ್ನಿ. ತೂತ ಕೊರದು, ಅದ ತೂತಿನ ಮಣ್ಣ ಜರಡಿ ಹಿಡದು, ನೀರ ಹಾಕಿ ಅಂಬಲಿ ಹಂಗ ಕಲಿಸಿ, ಅದನ್ನ ಸುರುವಿ ಸೆನ್ಸಾರ್ ಇಳಿಸಿದ್ರ ಸಂದಿ ಉಳಿಯಂಗಿಲ್ಲ. ನೆಟ್ಟಗ ಬ್ಯಾಡ, ಓರೆ ಇಳಸಬೇಕು. ಬಿರಿ ಮ್ಯಾಲಿಂದ ಬಿಡಕೋತ ಕೆಳಗ ಇಳೀತೈತಿ, ಅದಕ್ಕ ಒಂದು 30 ಸೆಂಟಿಮೀಟರ್ ಆಳಕ್ಕ, ಒಂದು 45 ಕ್ಕ, ಎರಡ ಕಡೆ ಇಟ್ಟು, ಮ್ಯಾಲಿಂದು ಒಮ್ಮಿಂದೊಮ್ಮೆ ಬಿದ್ರ ಅದು ಬಿರಿ ಇರಬಹುದು ಅಂತ ಪ್ರೋಗ್ರಾಂನ್ಯಾಗ ಅನುಮಾನ ಇಟ್ವಿ. ಅಗ್ಗದ ಸೆನ್ಸಾರಿನ ಬೋರ್ಡಿನ ಅಂಚಿನಿಂದ ನೀರ ಒಳಗ ಹೀರತೈತಿ, ಅಂಚಿಗೆ ಎಪಾಕ್ಸಿ ಅಂಟು ಬಳದ್ರ ಒಂದ ಹಂಗಾಮ ಬಾಳತೈತಿ. ಈ ವರ್ಷ ನೀರ ಯಾವಾಗ ಬಿಡೋದು ಅನ್ನೋದನ್ನ ಅಪ್ಪ, ಮಷಿನ್, ನಾನು ಮೂವರೂ ಕೂಡಿ ನಿರ್ಣಯ ಮಾಡಿದ್ವಿ, ಕಾಯಿ ಕಟ್ಟೋ ಹೊತ್ತಿಗೆ ಒಮ್ಮೆ ಅಷ್ಟ ಬಿಟ್ವಿ.

ಕೆಲಸಕ್ಕ ಅರ್ಜಿ ಹಾಕಿದಾಗ ರೆಸ್ಯೂಮ್ ಜೋಡಿ ಆ ನೋಟ್‌ಬುಕ್ಕಿನ ನಾಕ ಹಾಳಿ ಫೋಟೋ ಕಳಿಸಿದ್ನಿ. ಇಂಟರ್ವ್ಯೂದಾಗ ಒಂದ ತಾಸ ಆ ಹಾಳಿ ಮ್ಯಾಲೇ ಮಾತು ನಡೀತು, ಕೋಡಿಂಗ್ ಪ್ರಶ್ನೆ ಎರಡ ಕೇಳಿದ್ರು ಅಷ್ಟ.

ಸೇರಿದ ಮ್ಯಾಲೆ ನಾ ಜಗಳ ಮಾಡಿ ಬದಲ ಮಾಡಿಸಿದ್ದು ಮೆಸೇಜು. ಮೊದಲ "ಮಣ್ಣಿನ ತೇವಾಂಶ 27%" ಅಂತ ಹೋಗ್ತಿತ್ತು, ಹೊಲದಾಗಿನ ಮಂದಿ ಅದನ್ನ ಓದಿ ಮೊಬೈಲ್ ಕಿಸೇದಾಗ ಇಡ್ತಿದ್ರು. ಈಗ "ಒಂದ ಗೇಣ ಕೆಳಗ ಹದ ಐತಿ, ನಾಕ ದಿನ ತಡೀರಿ" ಅಂತ ನಮ್ಮ ಮಾತಿನ್ಯಾಗ ಕಾಲ್ ಹೋಗತೈತಿ. ನರಗುಂದ ಕಡೆ ಒಬ್ಬ ಅಜ್ಜ ಫೋನ್ ಮಾಡಿ, ತಂಗಿ ನೀ ಹೇಳಿದಂಗ ಅಗದು ನೋಡಿದ್ನಿ, ಖರೇನ ಐತಿ ಅಂದ.

ಏನ ಓದಬೇಕು ಅನ್ನೋವ್ರಿಗೆ, ಅಗ್ರಿ ಸೀಟ್ ಸಿಕ್ರ ಬಿಡಬ್ಯಾಡ್ರಿ, ಯಂತ್ರದ ಆಸೆ ಇದ್ರ ರಾಯಚೂರಾಗ ಬಿಟೆಕ್ ಅಗ್ರಿಕಲ್ಚರಲ್ ಇಂಜಿನಿಯರಿಂಗ್ ಐತಿ, ಎರಡೂ ಆಗಲಿಲ್ಲಂದ್ರ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್, ಡಿಪ್ಲೊಮಾ ಯಾವುದಾದ್ರೂ ನಡೀತೈತಿ. ಆದ್ರ ನೀವು ಮಾಡಿದ್ದನ್ನ ಬಿತ್ತಿಗಿಯಿಂದ ರಾಶಿ ತನಕ ಒಂದ ಹಂಗಾಮ ಪೂರ್ತಿ ಹೊಲದಾಗ ಇಟ್ಟು ನೋಡ್ರಿ, ಕಾಲೇಜ್ ಕೇಳದಿದ್ರೂ ಇಡ್ರಿ.

ಈಗ ನಮಗ ಹಾವೇರಿ ಕಡೆ ಮೆಣಸಿನಕಾಯಿ ಹೊಲ ಬಂದಾವು, ಮಸಾರಿ ಭೂಮಿ, ಅಂದ್ರ ಕೆಂಪ ಮಣ್ಣು. ಎರಿಯೊಳಗ 20 ಅಂದ್ರ ಬೆಳಿ ಬಾಡೋ ಹೊತ್ತು, ಮಸಾರ್ಯಾಗ ಅದ 20 ಅಂದ್ರ ನೀರ ಭರ್ತಿ, ಹಂಗಾಗಿ ರೋಣದ ನಂಬರ್ ಒಂದೂ ಅಲ್ಲಿ ನಡಿಯಂಗಿಲ್ಲ. ನಾಳೆ ನಸಕಿನ್ಯಾಗ ಬ್ಯಾಡಗಿ ಬಸ್ ಹಿಡೀಬೇಕು. ಚೀಲದಾಗ ಹನ್ನೆರಡ ಡಬ್ಬಿ, ಟೇಪು, ಹೊಸಾ ನೋಟ್‌ಬುಕ್ ಇಟಗೊಂಡೀನಿ, ಎಡಗಡೆ ಕಾಲಮ್ಮಿಗೆ ಆ ಹೊಲದ ಕಾಕಾನ ಹೆಸರು ಬರದೀನಿ.