ಹಲೋ ಅಂದರೆ ಆ ಕಡೆ ಸದ್ದಿಲ್ಲ: ಯಾವ ಮೌನಕ್ಕೆ ಯಾವ ಮದ್ದು?

ಊಟ ಮುಗಿಸಿ ಒರಗಿದ ಹೊತ್ತಿಗೇ ಫೋನು ಬಡಿದುಕೊಳ್ಳುತ್ತದೆ. ಎದ್ದು ಹೋಗಿ ‘ಹಲೋ’ ಅಂದರೆ ಉತ್ತರವಿಲ್ಲ. ಇನ್ನೊಂದು ಸಲ ‘ಹಲೋ, ಯಾರು?’ ಅನ್ನುವಷ್ಟರಲ್ಲಿ ಕಟ್. ಮೂರು ದಿನ ಹೀಗೇ ಆದರೆ ಮನೆಯಲ್ಲಿ ಲೆಕ್ಕಾಚಾರ ಶುರುವಾಗುತ್ತದೆ: ಮನೆ ಖಾಲಿ ಇದೆಯೋ ಎಂದು ಕಳ್ಳರು ನೋಡುತ್ತಿದ್ದಾರಾ, ಮಗಳ ಹಿಂದೆ ಯಾರಾದರೂ ಬಿದ್ದಿದ್ದಾರಾ? ಎಷ್ಟೋ ಸಲ ಆ ಕಡೆ ಮನುಷ್ಯರೇ ಇರುವುದಿಲ್ಲ. ಯಂತ್ರ ಇರುತ್ತದೆ, ಇಲ್ಲವೇ ಮಳೆಯಲ್ಲಿ ನೆನೆದ ತಂತಿ ಇರುತ್ತದೆ. ಆದ್ದರಿಂದ ದೂರು, ಬ್ಲಾಕು, ನಂಬರ್ ಬದಲಾವಣೆ ಎಲ್ಲಕ್ಕೂ ಮೊದಲು ಆ ಮೌನ ಎಂಥದ್ದು ಎಂದು ಗುರುತಿಸಿಕೊಳ್ಳಬೇಕು.

ಮೊದಲು ಒಂದು ವಾರ ಬರೆದಿಡಿ

ಫೋನಿನ ಪಕ್ಕದಲ್ಲಿ ನೂರು ಪುಟದ ಒಂದು ನೋಟ್‌ಬುಕ್ಕು, ದಾರ ಕಟ್ಟಿದ ಒಂದು ಪೆನ್ನು ಇಡಿ. ದಾರ ಕಟ್ಟದಿದ್ದರೆ ಪೆನ್ನು ಮೂರನೆಯ ದಿನ ಅಡುಗೆಮನೆ ಸೇರಿರುತ್ತದೆ. ಪ್ರತಿ ಕರೆಗೂ ಒಂದು ಸಾಲು: ದಿನಾಂಕ, ಗಂಟೆ ಮತ್ತು ನಿಮಿಷ, ತೋರಿದ ನಂಬರು, ಎಷ್ಟು ಸೆಕೆಂಡು ಮೌನ, ಹಿಂದೆ ಏನು ಕೇಳಿಸಿತು, ಕಟ್ ಮಾಡಿದ್ದು ಯಾರು. ‘ಮಧ್ಯಾಹ್ನ ಬಂತು’ ಎಂದು ಬರೆದರೆ ಉಪಯೋಗವಿಲ್ಲ. 2 ಗಂಟೆ 17 ನಿಮಿಷ ಎಂದೇ ಬರೆಯಿರಿ. ಮುಂದೆ ಪೊಲೀಸರವರೆಗೆ ಹೋಗಬೇಕಾದರೆ ಕಂಪನಿಯ ದಾಖಲೆಯ ಜೊತೆ ತಾಳೆ ನೋಡುವುದು ಈ ನಿಮಿಷವನ್ನೇ.

ಲ್ಯಾಂಡ್‌ಲೈನಿನಲ್ಲಿ ನಂಬರು ಕಾಣಿಸುತ್ತಿಲ್ಲವೇ? ಎರಡು ಕಾರಣ ಇರಬಹುದು. ಕಾಲರ್ ಐಡಿ ಸೌಲಭ್ಯವನ್ನು ನಿಮ್ಮ ಸಂಪರ್ಕಕ್ಕೆ ಕೊಟ್ಟಿಲ್ಲ, ಅಥವಾ ಫೋನಿಗೆ ಅದನ್ನು ಓದಲು ಬರುವುದಿಲ್ಲ. ಎಕ್ಸ್‌ಚೇಂಜ್ ನಂಬರನ್ನು ಎಫ್‌ಎಸ್‌ಕೆ ಅಥವಾ ಡಿಟಿಎಂಎಫ್ ಎಂಬ ಎರಡರಲ್ಲಿ ಒಂದು ವಿಧಾನದಲ್ಲಿ ಕಳಿಸುತ್ತದೆ. ಹೊಸ ಫೋನ್ ಕೊಳ್ಳುವಾಗ ಎರಡನ್ನೂ ಓದುತ್ತದೆಂದು ಡಬ್ಬದ ಮೇಲೆ ಬರೆದಿದೆಯೇ ನೋಡಿ. ಬ್ಯಾಟರಿ ತೆಗೆದರೆ ಕೆಲವು ಫೋನುಗಳ ಕರೆಪಟ್ಟಿ ಅಳಿಸಿಹೋಗುತ್ತದೆ. ಹಾಗಾಗಿ ದಿನಕ್ಕೊಮ್ಮೆ ಆ ಪರದೆಯ ಫೋಟೊ ತೆಗೆದಿಡಿ.

ಮೌನದ ಹಿಂದೆ ಏನಿದೆ, ಕೇಳಿ

ಎರಡು ಮೂರು ಸೆಕೆಂಡು ಮೌನ, ಆಮೇಲೆ ‘ಟಿಕ್’ ಎಂದೋ ಜನರ ಗದ್ದಲವೋ ಕೇಳಿಸಿ ಒಬ್ಬರು ಮಾತಾಡಿದರೆ ಅಥವಾ ತಾನಾಗಿ ಕಟ್ಟಾದರೆ ಅದು ಕಾಲ್‌ಸೆಂಟರಿನ ಆಟೊ ಡಯಲರ್. ಅದರ ಲೆಕ್ಕ ಸರಳ: ಹತ್ತು ಜನಕ್ಕೆ ಫೋನ್ ಮಾಡಿದರೆ ಎತ್ತುವವರು ಮೂರೋ ನಾಲ್ಕೋ ಜನ ಎಂಬ ಅಂದಾಜಿನ ಮೇಲೆ, ಇರುವ ಸಿಬ್ಬಂದಿಗಿಂತ ಹೆಚ್ಚು ನಂಬರುಗಳಿಗೆ ಅದು ಒಟ್ಟಿಗೆ ಕರೆ ಮಾಡುತ್ತದೆ. ಅಂದಾಜು ತಪ್ಪಿ ಆರು ಜನ ಎತ್ತಿದರೆ ಮಿಕ್ಕವರಿಗೆ ಮಾತಾಡಲು ಅಲ್ಲಿ ಯಾರೂ ಇಲ್ಲ. ಅವರ ಪಾಲಿಗೆ ಮೌನ. ಇದರ ಜೊತೆಗೆ, ಎತ್ತಿದ್ದು ಮನುಷ್ಯರೋ ರೆಕಾರ್ಡಿಂಗೋ ಎಂದು ಪತ್ತೆ ಮಾಡಲೂ ಯಂತ್ರಕ್ಕೆ ಕೆಲವು ಸೆಕೆಂಡು ಬೇಕು. ಚಿಕ್ಕದಾಗಿ ‘ಹಲೋ’ ಎಂದು ಸುಮ್ಮನಾದರೆ ಮನುಷ್ಯ, ಉದ್ದಕ್ಕೆ ಮಾತಾಡುತ್ತಲೇ ಹೋದರೆ ರೆಕಾರ್ಡಿಂಗ್ ಎಂಬುದು ಅದರ ತೀರ್ಮಾನ.

ಇಲ್ಲೇ ಒಂದು ಉಪಾಯವೂ ಇದೆ. ಗೊತ್ತಿಲ್ಲದ ನಂಬರಾದರೆ ರಿಸೀವರ್ ಎತ್ತಿ ನೀವೇ ಸುಮ್ಮನಿರಿ, ಮನಸ್ಸಿನಲ್ಲಿ ಐದು ಎಣಿಸಿ. ನೆಂಟರೋ ಕೊರಿಯರ್‌ನವರೋ ಆದರೆ ಅವರೇ ‘ಹಲೋ, ಕೇಳಿಸ್ತಿದೆಯಾ?’ ಅನ್ನುತ್ತಾರೆ. ಯಂತ್ರವಾದರೆ ದನಿ ಸಿಗದೆ ಕರೆ ಬಿಟ್ಟುಬಿಡುವ ಸಾಧ್ಯತೆ ಹೆಚ್ಚು, ಈ ನಂಬರಿನಲ್ಲಿ ಮಾತಾಡುವವರಿದ್ದಾರೆ ಎಂಬ ಗುರುತೂ ಅದಕ್ಕೆ ಸಿಗುವುದಿಲ್ಲ. ಮೊದಮೊದಲು ಮುಜುಗರವಾಗುತ್ತದೆ, ವಾರದಲ್ಲಿ ರೂಢಿಯಾಗುತ್ತದೆ.

ಮೌನದ ನಡುವೆ ಮೂರು ಸೆಕೆಂಡಿಗೊಮ್ಮೆ ಅರ್ಧ ಸೆಕೆಂಡಿನ ‘ಬೀಪ್’ ಕೇಳಿಸಿದರೆ ಅದು ತಪ್ಪು ನಂಬರಿಗೆ ಹಚ್ಚಿದ ಫ್ಯಾಕ್ಸ್ ಯಂತ್ರ. ಉತ್ತರ ಸಿಗದೆ ಅದೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಅದಕ್ಕೆ ಬೈದು ಪ್ರಯೋಜನವಿಲ್ಲ. ನಂಬರ್ ಕಂಡರೆ ಆ ಕಚೇರಿಗೆ ತಿಳಿಸಿದರೆ ಮುಗಿಯಿತು.

ಎತ್ತಿದ ತಕ್ಷಣ ಡಯಲ್ ಟೋನ್ ಬಂದರೆ ಕರೆಯೇ ಬಂದಿರದ ಸಾಧ್ಯತೆ ಹೆಚ್ಚು; ತಂತಿಯ ತೊಂದರೆ ಇರಬಹುದು. ಕಿವಿಗೆ ಹತ್ತಿ ತುಂಬಿದ ಹಾಗೆ ಪೂರ್ತಿ ಸತ್ತ ಮೌನವಾದರೆ, ಕರೆ ಬಂದಿದೆ, ದನಿ ಮಾತ್ರ ತಲುಪುತ್ತಿಲ್ಲ. ಜಯನಗರ, ಮಲ್ಲೇಶ್ವರದಂಥ ಕಡೆ ಮಕ್ಕಳು ಹೊರದೇಶದಲ್ಲಿರುವ ಮನೆಗಳಲ್ಲಿ ಇದನ್ನು ಮೊದಲು ಅನುಮಾನಿಸಬೇಕು. ಇಂಟರ್ನೆಟ್ ಮೂಲಕ ಹೋಗುವ ಕರೆಗಳಲ್ಲಿ ಒಂದು ಕಡೆಯ ದನಿ ಮಾತ್ರ ಹೋಗುವುದು ಮಾಮೂಲಿ ಸಮಸ್ಯೆ, ಪರದೆಯ ಮೇಲೆ ವಿಚಿತ್ರ ನಂಬರೂ ಕಾಣಿಸಬಹುದು. ರಾತ್ರಿ ಎರಡು ಗಂಟೆಗೆ ಬಂದ ‘ಭೂತದ ಕರೆ’ ಹೊತ್ತಿನ ಲೆಕ್ಕ ಮರೆತ ಮೊಮ್ಮಗನದೇ ಇರಬಹುದು. ಕ್ಯಾಲಿಫೋರ್ನಿಯಾದಲ್ಲಿ ಆಗ ನಡುಮಧ್ಯಾಹ್ನ. ಮೊದಲು ಅವರನ್ನು ಕೇಳಿ.

ಉಸಿರಾಟ, ಟಿವಿ ಸದ್ದು, ಬೀದಿಯ ಹಾರ್ನ್ ಕೇಳಿಸುತ್ತಾ ನಿಮಿಷಗಟ್ಟಲೆ ಕಟ್ ಆಗದಿದ್ದರೆ, ನೀವಿಟ್ಟ ಕೂಡಲೇ ಮತ್ತೆ ಬಂದರೆ, ಮನೆಯ ಒಬ್ಬರು ಎತ್ತಿದಾಗ ಮಾತ್ರ ಕಟ್ಟಾಗದೆ ಉಳಿದರೆ, ಅಲ್ಲಿ ಮನುಷ್ಯ ಇದ್ದಾನೆ. ಅದರ ವಿಚಾರ ಮುಂದೆ.

ತಂತಿಯ ದೋಷವಾದರೆ

ನಮ್ಮಲ್ಲಿ ಎಕ್ಸ್‌ಚೇಂಜ್ ಕಳಿಸುವ ರಿಂಗಿಗೆ ಒಂದು ಲಯವಿದೆ: 0.4 ಸೆಕೆಂಡು ಸದ್ದು, 0.2 ಬಿಡುವು, ಮತ್ತೆ 0.4 ಸದ್ದು, ಆಮೇಲೆ 2 ಸೆಕೆಂಡು ಬಿಡುವು. ‘ಟ್ರಿಂಗ್-ಟ್ರಿಂಗ್’ ಎಂಬ ಈ ಜೋಡಿ ಇಲ್ಲದೆ ಬರೀ ‘ಟಿಣ್’ ಎಂದು ಅಡ್ಡಾದಿಡ್ಡಿಯಾಗಿ ಬಡಿದರೆ ತಂತಿಯ ಜೋಡಣೆಗೆ ನೀರೋ ಕಿಲುಬೋ ತಾಗಿದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ ನಿಂತ ಮೇಲೆ ಒಂದೆರಡು ದಿನ ಇದು ಜಾಸ್ತಿ.

ಪರೀಕ್ಷೆ ಹೀಗೆ. ಹಾಲ್, ರೂಮು, ಮಹಡಿ ಎಂದು ಎಳೆದಿರುವ ಪ್ಯಾರಲಲ್ ಫೋನುಗಳನ್ನೆಲ್ಲ ಬಿಚ್ಚಿ. ಕರೆಂಟ್ ಬೇಡದ, ವೈರಿನ ಒಂದು ಸಾದಾ ಫೋನನ್ನು ಹೊರಗಿನ ತಂತಿ ಮನೆಯೊಳಗೆ ಬಂದು ಸೇರುವ ಮೊದಲ ರೋಸೆಟ್ ಪೆಟ್ಟಿಗೆಗೇ ನೇರವಾಗಿ ಚುಚ್ಚಿ. 24 ಗಂಟೆ ಹಾಗೇ ಬಿಡಿ. ತೊಂದರೆ ನಿಂತರೆ ದೋಷ ಮನೆಯೊಳಗಿನ ವೈರಿನದು ಅಥವಾ ಬಿಚ್ಚಿಟ್ಟ ಫೋನುಗಳಲ್ಲಿ ಒಂದರದು. ದಿನಕ್ಕೊಂದರಂತೆ ಹಿಂದಕ್ಕೆ ಜೋಡಿಸುತ್ತಾ ಬಂದರೆ ಕಳ್ಳ ಸಿಗುತ್ತದೆ. ಕಾರ್ಡ್‌ಲೆಸ್ ಇದ್ದರೆ ಮೊದಲು ಅದರ ಬ್ಯಾಟರಿಯನ್ನೇ ಅನುಮಾನಿಸಿ. ಹಳೆಯ ಬ್ಯಾಟರಿ ರಿಂಗ್ ಮಾಡುವಷ್ಟು ತಾಳುತ್ತದೆ, ಎತ್ತಿದೊಡನೆ ಕುಸಿಯುತ್ತದೆ.

ರೋಸೆಟ್ ತೆರೆದರೆ ಇರುವೆಗೂಡು ಕಂಡರೆ ಬೆಚ್ಚಬೇಡಿ. ಒಣ ಬ್ರಷ್‌ನಿಂದ ಗುಡಿಸಿ. ತಾಮ್ರ ಹಸಿರುಗಟ್ಟಿದ್ದರೆ ಆ ತುದಿ ಕತ್ತರಿಸಿ, ಒಂದು ಸೆಂಟಿಮೀಟರ್ ಹೊಸ ತಾಮ್ರ ಸುಲಿದು, ಸ್ಕ್ರೂ ಬಿಗಿ ಮಾಡಿ. ಸುಮ್ಮನಿರುವಾಗ ಆ ತಂತಿಯಲ್ಲಿ ಸುಮಾರು 48 ವೋಲ್ಟ್ ಡಿಸಿ ಇರುತ್ತದೆ, ಅದರಿಂದ ಭಯವಿಲ್ಲ. ಆದರೆ ಕೈ ಇಟ್ಟಾಗಲೇ ಕರೆ ಬಂದರೆ ರಿಂಗಿನ 75 ವೋಲ್ಟ್ ಎಸಿ ಚುರುಕ್ಕೆನ್ನಿಸುತ್ತದೆ. ಒದ್ದೆ ಕೈಯಲ್ಲಿ, ಗುಡುಗು ಸಿಡಿಲಿನ ಹೊತ್ತಿನಲ್ಲಿ ಮುಟ್ಟಬೇಡಿ. ಕಂಬದ ಡಿಪಿ ಪೆಟ್ಟಿಗೆ ನಿಮ್ಮ ಕೆಲಸವಲ್ಲ, 198ಕ್ಕೆ ದೂರು ಕೊಟ್ಟು, ಅವರು ಕೊಡುವ ದೂರಿನ ಸಂಖ್ಯೆಯನ್ನು (ಡಾಕೆಟ್ ನಂಬರ್) ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಫೈಬರ್ ಸಂಪರ್ಕವಾದರೆ ಮೋಡೆಮ್ಮನ್ನು ಆರಿಸಿ, ಒಂದು ನಿಮಿಷ ಬಿಟ್ಟು ಹಚ್ಚಿ, ಪಕ್ಕದ ಮನೆಯ ಮೊಬೈಲ್‌ನಿಂದ ಕರೆ ಮಾಡಿಸಿ. ಅವರ ದನಿ ನಿಮಗೆ, ನಿಮ್ಮ ದನಿ ಅವರಿಗೆ ಕೇಳುತ್ತಿದೆಯೇ ಎಂದು ಎರಡೂ ನೋಡಿ. ‘ಒಂದು ಕಡೆಯ ದನಿ ಬರುತ್ತಿಲ್ಲ’ ಎಂದು ಸ್ಪಷ್ಟವಾಗಿ ಹೇಳಿದರೆ ತಂತ್ರಜ್ಞರು ನೇರ ವಿಷಯಕ್ಕೆ ಬರುತ್ತಾರೆ. ‘ಫೋನ್ ಸರಿ ಇಲ್ಲ’ ಎಂದರೆ ಬಂದು ಡಯಲ್ ಟೋನ್ ಕೇಳಿ ‘ಎಲ್ಲಾ ಸರಿ ಇದೆ ಸಾರ್’ ಎಂದು ಹೋಗುತ್ತಾರೆ.

ಕಾಲ್‌ಸೆಂಟರ್ ಯಂತ್ರವಾದರೆ

ಅದೇ ಫೋನಿನಿಂದ 1909ಕ್ಕೆ ಕರೆ ಮಾಡಿ, ಪ್ರಚಾರದ ಕರೆ ಬೇಡವೆನ್ನುವವರ ಪಟ್ಟಿಯಾದ ಡಿಎನ್‌ಡಿಯಲ್ಲಿ ನಂಬರ್ ನೋಂದಾಯಿಸಿ. ಲ್ಯಾಂಡ್‌ಲೈನಿಗೂ ಇದು ನಡೆಯುತ್ತದೆ, ಮೊಬೈಲಿನಿಂದ ಮಾಡಿದರೆ ಮೊಬೈಲಿಗಷ್ಟೇ ಆಗುತ್ತದೆ. ಮೊಬೈಲಿನಲ್ಲಾದರೆ ಇಂಗ್ಲಿಷ್ ಅಕ್ಷರದಲ್ಲಿ ‘ಸ್ಟಾರ್ಟ್’ ಎಂದು ಬರೆದು, ಒಂದು ಜಾಗ ಬಿಟ್ಟು, ಸೊನ್ನೆ ಹಾಕಿ 1909ಕ್ಕೆ ಎಸ್‌ಎಂಎಸ್ ಕಳಿಸಿದರೂ ಸಾಕು. ಸೊನ್ನೆ ಎಂದರೆ ಎಲ್ಲ ಬಗೆಯ ಪ್ರಚಾರವೂ ಬಂದ್.

ಇದರಿಂದ ಎಲ್ಲಾ ನಿಂತುಬಿಡುತ್ತದೆ ಎಂದುಕೊಳ್ಳಬೇಡಿ. ಡಿಎನ್‌ಡಿ ಕಟ್ಟಿಹಾಕುವುದು ನೋಂದಣಿ ಮಾಡಿಸಿಕೊಂಡ, 140ರಿಂದ ಶುರುವಾಗುವ ನಂಬರಿನಿಂದ ಕರೆ ಮಾಡುವವರನ್ನು. ಸಾದಾ ಹತ್ತಂಕಿಯ ಮೊಬೈಲಿನಿಂದಲೋ 080 ನಂಬರಿನಿಂದಲೋ ಕರೆ ಮಾಡುವವರು ಪಟ್ಟಿ ನೋಡುವುದೇ ಇಲ್ಲ. ಅವರಿಗೆ ಮದ್ದು ದೂರು. ದೂರವಾಣಿ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2018ರ ನಿಯಮಕ್ಕೆ 2025ರ ಫೆಬ್ರುವರಿಯಲ್ಲಿ ತಿದ್ದುಪಡಿ ತಂದ ಮೇಲೆ, ಕರೆ ಬಂದ 7 ದಿನದೊಳಗೆ ದೂರು ಕೊಡಬಹುದು. ಮೊದಲು 3 ದಿನವಷ್ಟೇ ಇತ್ತು. ಒಂದೇ ಮೂಲದ ಮೇಲೆ 10 ದಿನದಲ್ಲಿ 5 ದೂರು ಬಿದ್ದರೆ ಕ್ರಮ ಜರುಗಿಸಬೇಕು. ಆಟೊ ಡಯಲರ್ ಬಳಸುವವರು ತಮ್ಮ ದೂರವಾಣಿ ಕಂಪನಿಗೆ ಮುಂಚೆಯೇ ತಿಳಿಸಿರಬೇಕು ಎಂಬ ನಿಯಮವೂ ಇದೆ. ದೂರಿಗೆ 1909, ಇಲ್ಲವೇ ಟ್ರಾಯ್‌ನ ಡಿಎನ್‌ಡಿ ಆ್ಯಪ್.

ತೊಡಕು ಒಂದಿದೆ: ಬರೀ ಮೌನದ ಕರೆ ‘ಪ್ರಚಾರದ ಕರೆ’ ಎಂದು ಸಾಬೀತಾಗುವುದು ಕಷ್ಟ. ಇಲ್ಲಿ ನೋಟ್‌ಬುಕ್ಕು ಕೈಹಿಡಿಯುತ್ತದೆ. ಸೋಮವಾರ ಮೌನವಾಗಿದ್ದ ನಂಬರೇ ಗುರುವಾರ ‘ದೇವನಹಳ್ಳಿ ಹತ್ತಿರ ಸೈಟ್ ಇದೆ’ ಎಂದರೆ, ಗುರುವಾರದ ಮಾತನ್ನು ಮುಂದಿಟ್ಟು ಸೋಮವಾರದ್ದನ್ನೂ ಸೇರಿಸಿ ದೂರು ಕೊಡಿ. ಕಂಪನಿ ಸ್ಪಂದಿಸದಿದ್ದರೆ ಅದರ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ತಾನೇ ವಿಚಾರಿಸುವುದಿಲ್ಲ. ಮಾತಿನಲ್ಲಿ ಒಟಿಪಿ, ಕೆವೈಸಿ, ಪಾರ್ಸಲ್ ಎಂಬ ವಂಚನೆಯ ವಾಸನೆ ಬಂದರೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ವಿನಲ್ಲಿ ದಾಖಲಿಸಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930.

ಮೊಬೈಲಿನಲ್ಲಿ ಅಪರಿಚಿತ ಕರೆಗಳನ್ನು ಮೌನವಾಗಿಸುವ ಸೆಟ್ಟಿಂಗ್ ಹಾಕುವ ಮೊದಲು ಯೋಚಿಸಿ: ಆಸ್ಪತ್ರೆಯಿಂದ, ಶಾಲೆಯ ವ್ಯಾನಿನವರಿಂದ ಬರುವ ಕರೆಯೂ ಅಪರಿಚಿತವೇ. ರಾತ್ರಿ ಹೊತ್ತು ‘ಡೋಂಟ್ ಡಿಸ್ಟರ್ಬ್’ ಹಾಕಿ, ಮತ್ತೆ ಮತ್ತೆ ಕರೆ ಮಾಡುವವರಿಗೆ ಅವಕಾಶ ಕೊಡುವ ಆಯ್ಕೆಯನ್ನು ತೆರೆದಿಡುವುದು ಮೇಲು. ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ, ಐಫೋನ್‌ನಲ್ಲಿ 3 ನಿಮಿಷದೊಳಗೆ ಅದೇ ನಂಬರಿನಿಂದ ಬಂದ ಎರಡನೆಯ ಕರೆ ಬಡಿಯುತ್ತದೆ.

+91 ಅಲ್ಲದ ನಂಬರಿನಿಂದ ಒಂದೇ ರಿಂಗ್ ಬಂದು ನಿಂತರೆ ತಿರುಗಿ ಕರೆ ಮಾಡಬೇಡಿ. ನೀವು ಕರೆ ಮಾಡಿದರೆ ಏರುವ ಶುಲ್ಕದಲ್ಲೇ ಅವರ ಸಂಪಾದನೆ.

ಮನುಷ್ಯನೇ ಆದರೆ

ಹೆಸರು ಹೇಳಬೇಡಿ, ಬೈಯಬೇಡಿ. ರಿಸೀವರಿಗೆ ಸೀಟಿ ಊದುವ ಹಳೆಯ ಸಲಹೆಯನ್ನೂ ಬಿಡಿ. ಸಿಟ್ಟು ಬಂದಿದೆ ಎಂದು ಗೊತ್ತಾಗುವುದೇ ಅವನಿಗೆ ಬೇಕಾದದ್ದು. ಒಂದೇ ಒಂದು ಸಲ, ಸ್ಪಷ್ಟವಾಗಿ ‘ಈ ನಂಬರಿಗೆ ಇನ್ನು ಕರೆ ಮಾಡಬೇಡಿ’ ಎಂದು ಹೇಳಿ, ಹೇಳಿದ ಹೊತ್ತು ಬರೆದಿಡಿ. ಇದಕ್ಕೆ ಕಾನೂನಿನ ಕಾರಣವಿದೆ. ಹೆಣ್ಣುಮಗಳು ಇಷ್ಟವಿಲ್ಲವೆಂದು ತಿಳಿಸಿದ ಮೇಲೂ ಗಂಡಸು ಪದೇ ಪದೇ ಸಂಪರ್ಕಿಸಲು ಯತ್ನಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ ಹಿಂಬಾಲಿಸಿ ಕಾಡುವ ಅಪರಾಧ. ಮೊದಲ ಸಲಕ್ಕೆ 3 ವರ್ಷದವರೆಗೆ ಶಿಕ್ಷೆ. ಬೆದರಿಕೆಯ ಮಾತು ಬಂದರೆ 351ನೇ ಕಲಂ.

ದೂರನ್ನು ಬಡಾವಣೆಯ ಠಾಣೆಗೇ ಕೊಡಿ. ಅರ್ಜಿ ಎರಡು ಪ್ರತಿ, ಜೊತೆಗೆ ನೋಟ್‌ಬುಕ್ಕಿನ ಪುಟಗಳ ಜೆರಾಕ್ಸ್, ಫೋನ್ ಪರದೆಯ ಫೋಟೊ. ಒಂದು ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಹೊರಡಬೇಡಿ. ಕರೆಯ ವಿವರ ಕೊಡಿ ಎಂದು ನೀವು ಕಂಪನಿಯನ್ನು ಕೇಳಿದರೆ ಕೊಡುವುದಿಲ್ಲ, ತನಿಖೆಗೆಂದು ಪೊಲೀಸರು ಕೇಳಬೇಕು. ಕಂಪನಿಗಳು ಈ ದಾಖಲೆಯನ್ನು ಕನಿಷ್ಠ 2 ವರ್ಷ ಇಟ್ಟುಕೊಳ್ಳಬೇಕು, ಹಾಗಾಗಿ ‘ತಿಂಗಳಾಯಿತು, ಇನ್ನೇನು ಸಿಗುತ್ತೆ’ ಎಂಬ ಮಾತಿಗೆ ಅರ್ಥವಿಲ್ಲ. ಒಂಟಿಯಾಗಿರುವ ಹಿರಿಯರು ಬೆಂಗಳೂರು ನಗರ ಪೊಲೀಸರ ಜೊತೆಗೂಡಿ ನಡೆಯುವ ಹಿರಿಯರ ಸಹಾಯವಾಣಿ 1090ಕ್ಕೆ, ಹೆಣ್ಣುಮಕ್ಕಳು 181ಕ್ಕೆ ಕರೆ ಮಾಡಬಹುದು. ಬಾಗಿಲಲ್ಲೇ ಯಾರೋ ಇದ್ದಾರೆ ಅನ್ನಿಸಿದರೆ 112.

ನಂಬರ್ ಬದಲಿಸುವುದು

ಇದು ಕೊನೆಯ ದಾರಿ, ಅಷ್ಟೇನೂ ಒಳ್ಳೆಯ ದಾರಿಯಲ್ಲ. ಹೊಸದಾಗಿ ಸಿಗುವ ಮೊಬೈಲ್ ನಂಬರೂ ಹಿಂದೆ ಯಾರದೋ ಆಗಿದ್ದಿರಬಹುದು. ಅವರ ಸಾಲ ವಸೂಲಿಯ ಕರೆಗಳು ನಿಮಗೆ ಬರತೊಡಗುತ್ತವೆ. ಬದಲಿಸಲೇಬೇಕೆಂದಿದ್ದರೆ ಆಧಾರ್, ಬ್ಯಾಂಕ್, ಗ್ಯಾಸ್, ಬೆಸ್ಕಾಂ ಖಾತೆಗಳಲ್ಲಿ ಹೊಸ ನಂಬರ್ ಸೇರಿಸಿ, ಒಂದೊಂದರಿಂದಲೂ ಒಟಿಪಿ ಹೊಸ ಫೋನಿಗೆ ಬರುತ್ತಿದೆಯೇ ನೋಡಿ, ಆಮೇಲೆ ಹಳೆಯದನ್ನು ಬಿಡಿ. ಬಿಟ್ಟ ನಂಬರನ್ನು ಕಂಪನಿ 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು.