ರಿಟರ್ನ್ ಪಂಪಿನ ಗುಂಯ್‌ಗುಟ್ಟುವಿಕೆ ನಿಲ್ಲಿಸಿದ್ದು ಹೀಗೆ

ಮಲೆನಾಡಿನಲ್ಲಿ ಮಳೆಗಾಲ ಮುಗಿಯುವ ತನಕ ಅಕ್ವೇರಿಯಂ ಪಂಪಿನ ಸದ್ದು ಯಾರಿಗೂ ಕೇಳುವುದಿಲ್ಲ. ಹೆಂಚಿನ ಮೇಲೆ ಬೀಳುವ ಮಳೆ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಹೊಳವಾದ ಮೇಲೆ, ರಾತ್ರಿ ಮನೆ ತಣ್ಣಗಾದಾಗ, ದೂರು ಶುರು. ಎಲ್ಲರೂ ಮೊದಲು ಬಯ್ಯುವುದು ಪಂಪನ್ನೇ. ಆದರೆ ಬಹಳ ಸಲ ಸದ್ದು ಮಾಡುತ್ತಿರುವುದು ಪಂಪಲ್ಲ, ಪಂಪು ತಾಗಿಕೊಂಡಿರುವ ವಸ್ತು. ಹೊಸ ಪಂಪಿಗೆ ದುಡ್ಡು ಸುರಿಯುವ ಮೊದಲು ಇದನ್ನು ಖಾತ್ರಿ ಮಾಡಿಕೊಳ್ಳಬೇಕು.

ನಾನು ಹೇಳುತ್ತಿರುವುದು 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯ ಲೆಕ್ಕದಲ್ಲಿ. ಸುಮಾರು 250 ಲೀಟರ್. ಕೆಳಗೆ ಪ್ಲೈವುಡ್ ಸ್ಟ್ಯಾಂಡಿನೊಳಗೆ ಗಾಜಿನ ಸಂಪ್, ಅಂದರೆ ತೊಟ್ಟಿಯ ನೀರು ಇಳಿದು ಸೇರುವ ಇನ್ನೊಂದು ತೊಟ್ಟಿ; ಅದರಲ್ಲಿ ಆ ನೀರನ್ನು ವಾಪಸ್ ಮೇಲೆ ತಳ್ಳುವ ರಿಟರ್ನ್ ಪಂಪ್, ಗಂಟೆಗೆ 3000 ಲೀಟರ್ ಎಂದು ಬರೆದಿರುವ ಎಸಿ ಪಂಪ್. ನಾಲ್ಕೂವರೆ ಅಡಿ ಮೇಲೆ ತಳ್ಳಿ, ಎರಡು ಮೂರು ಎಲ್ಬೋ ದಾಟುವ ಹೊತ್ತಿಗೆ ಅದು ಕೊಡುವುದು ಹೆಚ್ಚುಕಡಿಮೆ ಅರ್ಧ. ಅಷ್ಟು ಸಾಕು.

ಮೊದಲ ಪರೀಕ್ಷೆ ಬಕೆಟ್ಟಿನಲ್ಲಿ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪಂಪನ್ನು ಪೈಪಿನಿಂದ ಬಿಡಿಸಿ. ದೊಡ್ಡ ಬಕೆಟ್ಟಿನ ತಳಕ್ಕೆ ಮಡಚಿದ ಟವೆಲ್ ಹಾಕಿ, ಅದರ ಮೇಲೆ ಪಂಪ್ ಇಟ್ಟು, ಪೂರ್ತಿ ಮುಳುಗುವಷ್ಟು ನೀರು ತುಂಬಿ ಆಮೇಲೆ ಕರೆಂಟ್ ಕೊಡಿ. ಕರೆಂಟ್ ಇರುವಾಗ ನೀರಿಗೆ ಕೈ ಹಾಕಬೇಡಿ. ಬಕೆಟ್ಟಿನಲ್ಲಿ ಸುಮ್ಮನಿದ್ದು ಸಂಪಿನಲ್ಲಿ ಕೂಗಿದರೆ ತೊಂದರೆ ಜೋಡಣೆಯದ್ದು. ಬಕೆಟ್ಟಿನಲ್ಲೂ ಕಟಕಟ ಎಂದರೆ ಇಂಪೆಲ್ಲರ್, ಅಂದರೆ ಪಂಪಿನೊಳಗೆ ತಿರುಗಿ ನೀರು ತಳ್ಳುವ ರೆಕ್ಕೆ, ಬಿಚ್ಚಬೇಕು.

ಜೋಡಣೆಯ ವಿಷಯವೇ ದೊಡ್ಡದು. ನಮ್ಮ ಕರೆಂಟು 50 ಹರ್ಟ್ಜ್. ಎಸಿ ಪಂಪಿನ ಸುರುಳಿ ಸೆಕೆಂಡಿಗೆ 100 ಸಲ ಎಳೆದು ಬಿಡುತ್ತದೆ. ಆ ನಡುಕ ನೀರಿನಲ್ಲೇ ಉಳಿದರೆ ಕಿವಿಗೆ ಬೀಳುವುದೇ ಇಲ್ಲ. ಗಟ್ಟಿ ಪಿವಿಸಿ ಪೈಪ್ ಹಿಡಿದು ಸ್ಟ್ಯಾಂಡಿಗೆ ಹತ್ತಿದರೆ, ಹಿಂಬದಿಗೆ ಮೊಳೆ ಹೊಡೆದ ತೆಳು ಪ್ಲೈವುಡ್ ಮದ್ದಳೆಯ ಚರ್ಮದ ಹಾಗೆ ನುಡಿಯುತ್ತದೆ. ತೀರ್ಥಹಳ್ಳಿ, ಹೊಸನಗರ ಕಡೆಯ ಹಳೆ ಮನೆಗಳಲ್ಲಿ ಉಪ್ಪರಿಗೆಯ ನೆಲವೇ ಮರದ್ದು. ತೊಟ್ಟಿಯನ್ನು ಅದರ ಮೇಲಿಟ್ಟರೆ ಕೆಳಗೆ ಮುಚ್ಚಿಗೆಯ ಹಲಗೆಗಳೂ ದನಿಗೂಡಿಸುತ್ತವೆ. ಭಾರದ ದೃಷ್ಟಿಯಿಂದಲೂ ಸದ್ದಿನ ದೃಷ್ಟಿಯಿಂದಲೂ ತೊಟ್ಟಿಗೆ ಕೆಳಗಿನ ನೆಲವೇ ಸರಿ.

ಹಾಗಾಗಿ ಪಂಪಿನ ಹೊರಬಾಯಿಗೆ ಪಿವಿಸಿ ನೇರ ಕೂರಿಸುವುದಿಲ್ಲ. ನಡುವೆ 6ರಿಂದ 8 ಇಂಚು ಮೆದು ಸಿಲಿಕೋನ್ ಹೋಸ್, ಎರಡು ತುದಿಗೂ ಸ್ಟೇನ್‌ಲೆಸ್ ಕ್ಲಿಪ್. ಮಾಮೂಲಿ ಕಬ್ಬಿಣದ ಕ್ಲಿಪ್ ಇಲ್ಲಿನ ಥಂಡಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಹೋಸನ್ನು ಬಿಗಿಯಾಗಿ ಎಳೆದು ಕಟ್ಟಬಾರದು, ಸ್ವಲ್ಪ ಬಾಗಿ ಸಡಿಲವಾಗಿರಬೇಕು; ಎಳೆದ ಹೋಸ್ ಪೈಪಿನಷ್ಟೇ ಚೆನ್ನಾಗಿ ನಡುಕ ದಾಟಿಸುತ್ತದೆ. ಹಾಗೆಂದು ಮಡಚಿಕೊಳ್ಳುವಷ್ಟು ಉದ್ದವೂ ಬೇಡ. ಹೋಸಿನಿಂದ ಮೇಲಕ್ಕೆ 32 ಮಿಮೀ ಪೈಪ್. ಜಾಗವಿದ್ದಲ್ಲಿ 90 ಡಿಗ್ರಿ ಎಲ್ಬೋ ಬದಲು 45ರ ಎರಡು. ಪೈಪು ಪ್ಲೈವುಡ್ ದಾಟುವಲ್ಲಿ ತೂತು 45 ಮಿಮೀ ಇರಲಿ, ಪೈಪಿಗೆ ಹಳೆ ಸೈಕಲ್ ಟ್ಯೂಬಿನ ಪಟ್ಟಿ ಎರಡು ಸುತ್ತು ಸುತ್ತಿ. ಟ್ಯೂಬ್ ನೀರಿನ ಹೊರಗೆ ಮಾತ್ರ.

ಪಂಪಿನ ಅಡಿಗೆ ಫಿಲ್ಟರಿಗೆ ಬಳಸುವ ಒರಟು ಸ್ಪಂಜು, 1 ಇಂಚು ದಪ್ಪದ್ದು. ಪಂಪಿನ ಜೊತೆ ಬರುವ ರಬ್ಬರ್ ಬಟ್ಟಲುಗಳನ್ನು ಗಾಜಿಗೆ ಅಂಟಿಸುವುದಕ್ಕಿಂತ ಇದು ಎಷ್ಟೋ ಮೇಲು. ಆ ಬಟ್ಟಲುಗಳು ಕೆಲವು ತಿಂಗಳಲ್ಲಿ ಗಟ್ಟಿಯಾಗಿ ಕಲ್ಲಿನ ಹಾಗಾಗುತ್ತವೆ. ನಾಲ್ಕೂ ಕಡೆ ಗಾಜಿನಿಂದ ಎರಡು ಬೆರಳು ಅಂತರ. ಹೆಚ್ಚಿನವರು ಮರೆಯುವುದು ವಯರನ್ನು: ಸಂಪಿನ ಅಂಚಿಗೆ ಬಿಗಿಯಾಗಿ ಒತ್ತಿಕೊಂಡ ವಯರೂ ಗುಂಯ್ ಎನ್ನಿಸುತ್ತದೆ. ಅದನ್ನು ಸಡಿಲ ಬಿಡಿ, ಪ್ಲಗ್ಗಿಗಿಂತ ಕೆಳಕ್ಕೆ ಇಳಿದು ಮೇಲೇರುವಂತೆ ಬಾಗಿಸಿ. ವಯರಿನಗುಂಟ ಇಳಿದ ನೀರು ಸಾಕೆಟ್ಟಿಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ. ಸಂಪಿನ ಅಡಿಗೆ 10 ಮಿಮೀ ಇವಿಎ ಫೋಮ್.

ಇಷ್ಟಾದರೂ ಸದ್ದಿದ್ದರೆ ಒಣಗಿದ ಕೋಲಿನ ಒಂದು ತುದಿ ಸ್ಟ್ಯಾಂಡಿಗೆ, ಇನ್ನೊಂದು ಕಿವಿಯ ಹತ್ತಿರದ ಮೂಳೆಗೆ ಒತ್ತಿ ಒಂದೊಂದೇ ಜಾಗ ಕೇಳುತ್ತಾ ಹೋಗಿ. ಜೋರಾಗಿ ಕೇಳುವಲ್ಲಿ ಏನೋ ತಾಗಿದೆ ಎಂದರ್ಥ. ಮಳೆಗಾಲದಲ್ಲಿ ಉಬ್ಬಿದ ಸ್ಟ್ಯಾಂಡಿನ ಬಾಗಿಲು ಬೇಸಿಗೆಯಲ್ಲಿ ಕುಗ್ಗಿ ಅದರುವುದು ಇಲ್ಲಿ ಮಾಮೂಲು.

ಇನ್ನು ಇಂಪೆಲ್ಲರ್. ಮುಚ್ಚಳ ತಿರುಗಿಸಿ ತೆಗೆದರೆ ಅಯಸ್ಕಾಂತದ ಸಮೇತ ಹೊರಬರುತ್ತದೆ. ಒಳಗಿನ ಕಡ್ಡಿ ಸೆರಾಮಿಕ್ಕಿನದ್ದು, ಬಗ್ಗಿಸಿದರೆ ಮುರಿಯುತ್ತದೆ. ಒಂದು ಕೈಯಲ್ಲಿ ಅಯಸ್ಕಾಂತ ಹಿಡಿದು ರೆಕ್ಕೆ ತಿರುಗಿಸಿದರೆ ಅನೇಕ ಪಂಪುಗಳಲ್ಲಿ ಸ್ವಲ್ಪ ದೂರ ಖಾಲಿ ತಿರುಗಿ ಆಮೇಲೆ ಹಿಡಿಯುತ್ತದೆ. ಅದು ದೋಷವಲ್ಲ, ಮೋಟರು ಸ್ಟಾರ್ಟ್ ಆಗಲೆಂದೇ ಹಾಗೆ ಮಾಡಿದ್ದು. ಅಂಟು ಹಾಕಿ ಬಿಗಿಮಾಡಿದರೆ ಪಂಪ್ ಏಳುವುದೇ ಇಲ್ಲ. ನೋಡಬೇಕಾದ್ದು ಕಡ್ಡಿಯಲ್ಲಿ ಸವೆತದ ಗೆರೆ ಇದೆಯಾ, ತುದಿಗಳ ರಬ್ಬರ್ ಬುಷ್ ಕಳೆದಿದೆಯಾ ಎಂದು. ಇದ್ದರೆ ಇಂಪೆಲ್ಲರ್ ಸೆಟ್ ಬದಲಿಸುವುದೊಂದೇ ದಾರಿ.

ಬಾವಿ ನೀರು ಮೆದುವಾಗಿರುವ ಕಡೆ ಸುಣ್ಣ ಕಟ್ಟುವುದು ಕಡಿಮೆ, ಕಂದು ಲೋಳೆಯೇ ಜಾಸ್ತಿ; ಹಳೆ ಟೂತ್‌ಬ್ರಷ್ ಸಾಕು. ಗಡಸು ಬೋರ್‌ವೆಲ್ ನೀರಿನವರಿಗೆ ಬಿಳಿ ಪದರ ಕಟ್ಟಿದ್ದರೆ ಬಿಳಿ ವಿನೆಗರ್, ನೀರು ಸಮಸಮ ಬೆರೆಸಿ ಒಂದು ಗಂಟೆ ನೆನೆಸಿ. ಮೆದು ನೀರಿನವರೂ ವಿನೆಗರ್ ಬಳಸಿದರೆ ಚೆನ್ನಾಗಿ ಜಾಲಾಡಿಸಿ ತೊಳೆಯಬೇಕು. ಕೆಎಚ್ (ಹುಳಿಯನ್ನು ತಡೆದುಕೊಳ್ಳುವ ನೀರಿನ ಕಾರ್ಬೊನೇಟ್ ಗಡಸುತನ) ಕಡಿಮೆ ಇರುವ ನೀರಿನಲ್ಲಿ ಚೂರು ಹುಳಿ ಉಳಿದರೂ ಪಿಎಚ್ ಬೇಗ ಇಳಿಯುತ್ತದೆ.

ಗುಂಯ್ ಅಲ್ಲದೆ ಗೊರಗೊರ, ಜೊತೆಗೆ ತೊಟ್ಟಿಯೊಳಗೆ ಸಣ್ಣ ಗುಳ್ಳೆ ಬಂದರೆ ಪಂಪ್ ಗಾಳಿ ಕುಡಿಯುತ್ತಿದೆ. ಮಾರ್ಚ್ ಏಪ್ರಿಲ್‌ನಲ್ಲಿ ನೀರು ಆವಿಯಾಗಿ ಮೊದಲು ತಗ್ಗುವುದು ಸಂಪಿನ ಪಂಪ್ ಕೋಣೆಯೇ. ಪಂಪ್ ನೀರು ಎಳೆಯುವ ಒಳಬಾಯಿಯ ಮೇಲೆ ಕನಿಷ್ಠ 4 ಇಂಚು ನೀರು ನಿಲ್ಲಬೇಕು. ಅಲ್ಲಿ ಗಾಜಿಗೆ ಟೇಪಿನ ಗುರುತು ಹಾಕಿ. ಮೇಲಿನ ಮಿತಿಗೂ ಒಂದು ಗುರುತು ಬೇಕು: ಕರೆಂಟ್ ಹೋದಾಗ ಈ ಅಳತೆಯ ತೊಟ್ಟಿಯಿಂದ ಒಂದು ಇಂಚು ಇಳಿದರೂ 14 ಲೀಟರ್ ಸಂಪಿಗೆ ಬರುತ್ತದೆ. ಹರಿವು ಕಡಿಮೆ ಮಾಡಲು ಬಾಲ್ ವಾಲ್ವ್ ಹಾಕುವುದಾದರೆ ಪಂಪಿನ ಹೊರಬಾಯಿಯ ಪೈಪಿಗೆ ಮಾತ್ರ. ಒಳಬಾಯಿ ಕಟ್ಟಿದರೆ, ಅಥವಾ ಅಲ್ಲಿನ ಸ್ಪಂಜು ಕೊಳೆಯಿಂದ ಮುಚ್ಚಿಕೊಂಡರೆ, ಪಂಪ್ ಒದ್ದಾಡಿ ಜಲ್ಲಿ ಅರೆದಂತೆ ಸದ್ದು ಮಾಡುತ್ತದೆ.

ಪಂಪ್ ಸುಮ್ಮನಾದ ಮೇಲೆ ಇಳಿಯುವ ನೀರಿನ ಗುಳುಗುಳು ಕೇಳತೊಡಗುತ್ತದೆ. ಡ್ರೈನ್ ಪೈಪಿನ ತುದಿ ಸಂಪಿನ ನೀರಿನೊಳಗೆ ಒಂದು ಇಂಚು ಮುಳುಗಿರಲಿ, ಹೆಚ್ಚು ಬೇಡ. ಅದೇ ಪೈಪಿನ ಮೇಲ್ತುದಿಯ ಮುಚ್ಚಳದಲ್ಲಿ ತೂತು ಕೊರೆದು ಏರ್‌ಪಂಪಿನ ಸಣ್ಣ ವಾಲ್ವ್ ಕೂರಿಸಿ, ಗುಳುಗುಳು ನಿಲ್ಲುವ ತನಕ ನಿಧಾನ ತಿರುಗಿಸಿ. ಪೂರ್ತಿ ಮುಚ್ಚಿದರೆ ನೀರು ಒಮ್ಮೆ ಎಳೆದು ಒಮ್ಮೆ ಬಿಟ್ಟು ಇನ್ನೂ ಜೋರಾಗುತ್ತದೆ.

ಕೊನೆಗೆ ಇನ್ವರ್ಟರ್. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದಾಗ ಮಾತ್ರ ಪಂಪ್ ಕರ್ಕಶವಾಗಿ ಕೂಗುತ್ತದೆ ಎಂದಾದರೆ ಪಂಪ್ ಬಿಚ್ಚುವ ಕೆಲಸವಿಲ್ಲ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಎಸಿ ಪಂಪ್ ಹಾಗೇ ಕೂಗುವುದು, ಬಿಸಿಯೂ ಆಗುತ್ತದೆ. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಇದ್ದರೆ ಆ ತಾಪತ್ರಯವಿಲ್ಲ. ಇಲ್ಲದವರು ಇನ್ವರ್ಟರ್ ಲೈನಿನಿಂದ ಪಂಪ್ ತೆಗೆದು ಅದಕ್ಕೆ ಒಂದು ಏರ್‌ಪಂಪ್ ಮಾತ್ರ ಕೊಡಬಹುದು, ಅಥವಾ ಅಡಾಪ್ಟರಿನಲ್ಲಿ ಓಡುವ ಡಿಸಿ ಪಂಪಿಗೆ ಹೋಗಬಹುದು. ಡಿಸಿ ಪಂಪ್ ಹೇಗೂ ಮೆತ್ತಗೆ ಓಡುತ್ತದೆ. ಅದಕ್ಕೂ ಹೋಸ್, ಸ್ಪಂಜು ಬೇಕೇ ಬೇಕು, ಅಡಾಪ್ಟರನ್ನು ಸ್ಟ್ಯಾಂಡಿನ ಹೊರಗೆ, ಥಂಡಿ ತಾಗದ ಗೋಡೆಯ ಮೇಲೆ ನೇತುಹಾಕಬೇಕು.