ಗೀಸರ್ ಸರಿಯಾಗೇ ಇತ್ತು, ನೀರು ಮಾತ್ರ ಬಿಸಿ ಇರಲಿಲ್ಲ

ಧನುರ್ಮಾಸ ಬಂತು ಅಂದರೆ ನಮ್ಮಮ್ಮ ನಾಲ್ಕೂವರೆಗೆಲ್ಲ ಎದ್ದು, ಸ್ನಾನ ಮುಗಿಸಿ ದೇವಸ್ಥಾನಕ್ಕೆ ಹೊರಡುತ್ತಾರೆ. ಈ ಸಲ ಮೂರನೇ ದಿನವೇ ಬಚ್ಚಲಿಂದ ಕೂಗು ಬಂತು. "ಏನೋ ಇದು, ಉಗುರುಬೆಚ್ಚಗೂ ಇಲ್ವಲ್ಲೋ ನೀರು!" ನಾನು ರಗ್ಗಿನೊಳಗಿಂದಲೇ "ಮೈಸೂರು ಚಳಿ ಅಲ್ವಾಮ್ಮ, ಇನ್ನೊಂದು ಸ್ವಲ್ಪ ಹೊತ್ತು ಆನ್ ಇರಲಿ ಬಿಡು" ಅಂದೆ. ಹೀಗೇ ಒಂದು ವಾರ ಕಳೆಯಿತು.

ಆಮೇಲೆ ರಿಪೇರಿಯವರೊಬ್ಬರು ಬಂದರು. ಗೀಸರ್ ಬಿಚ್ಚಲೂ ಇಲ್ಲ, ಮೇಲಿಂದ ಒಂದು ಸಲ ತಟ್ಟಿ "ಕಾಯಿಲ್ ಹೋಗಿದೆ ಸಾರ್, ಹಳೇದು, ಹೊಸದೇ ತಗೊಂಬಿಡಿ" ಅಂದರು. ನಾನು ಎಲೆಕ್ಟ್ರಿಷಿಯನ್ ಅಲ್ಲ, ಆದರೂ ಇದು ತಲೆಗೆ ಹತ್ತಲಿಲ್ಲ. ಕಾಯಿಲ್ ಸುಟ್ಟಿದ್ದರೆ ನೀರು ಪೂರ್ತಿ ತಣ್ಣಗಿರಬೇಕು, ಬಿಸಿಯಾದ ಮೇಲೆ ಆರುವ ದೀಪ ಆರಲೇಬಾರದು. ನಮ್ಮದರಲ್ಲಿ ಆರುತ್ತಿತ್ತು.

ಮಾರನೇ ದಿನ ಗಡಿಯಾರ ಹಿಡಿದು ಕೂತೆ. ಲೆಕ್ಕ ಸುಲಭ. 15 ಲೀಟರ್ ಗೀಸರ್, 2000 ವ್ಯಾಟ್ ಕಾಯಿಲ್. 20 ಡಿಗ್ರಿ ನೀರು 60 ಡಿಗ್ರಿಗೆ ಬರೋಕೆ ಸುಮಾರು ಮುಕ್ಕಾಲು ಯೂನಿಟ್ ಕರೆಂಟ್ ಬೇಕು, ಅಂದರೆ ಇಪ್ಪತ್ತು ಇಪ್ಪತ್ತೈದು ನಿಮಿಷ. ನಮ್ಮ ದೀಪ 22 ನಿಮಿಷಕ್ಕೆ ಆರಿತು. ಅಲ್ಲಿಗೆ ಗೀಸರ್ ತನ್ನ ಕೆಲಸ ಮಾಡಿದೆ. ಹಾಗಾದರೆ ಬಿಸಿ ಎಲ್ಲಿಗೆ ಹೋಯಿತು?

ಆಗ ಮಾಡಿದ ಒಂದು ಪರೀಕ್ಷೆಯನ್ನು ನೀವೂ ಮಾಡಿ, ಖರ್ಚಿಲ್ಲ. ಮೊದಲು ಸ್ವಿಚ್ ಆರಿಸಿ. ಗೀಸರ್‌ಗೆ ತಣ್ಣೀರು ಹೋಗುವ ವಾಲ್ವ್ ಪೂರ್ತಿ ಮುಚ್ಚಿ, ಬಿಸಿನೀರಿನ ನಲ್ಲಿ ತಿರುಗಿಸಿ. ಒಳಗೆ ತಣ್ಣೀರು ಬಂದು ತಳ್ಳಿದರೇನೇ ಬಿಸಿನೀರು ಹೊರಗೆ ಬರೋದು, ಹಾಗಾಗಿ ವಾಲ್ವ್ ಮುಚ್ಚಿದರೆ ಸ್ವಲ್ಪ ಹೊತ್ತಲ್ಲೇ ನಲ್ಲಿ ನಿಲ್ಲಬೇಕು. ನಮ್ಮದು ನಿಲ್ಲಲೇ ಇಲ್ಲ, ಧೋ ಅಂತ ಬರುತ್ತಲೇ ಇತ್ತು, ಅದೂ ತಣ್ಣಗೆ. ಎಲ್ಲಿಂದಲೋ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತಿದೆ ಅಂತ ಖಾತ್ರಿಯಾಯಿತು.

ಹುಡುಕುತ್ತಾ ಹೋದರೆ ಸಿಕ್ಕಿದ್ದು ಕೆಳಗಿನ ಬಾತ್‌ರೂಮಿನಲ್ಲಿ. ದಸರಾಗೆ ನೆಂಟರು ಬರುತ್ತಾರೆ ಅಂತ ಅಲ್ಲಿ ಬಿಸಿನೀರು, ತಣ್ಣೀರು ಬೆರೆಸಿ ಕೊಡೋ ಮಿಕ್ಸರ್ ಕೊಳಾಯಿ, ಹ್ಯಾಂಡ್ ಶವರ್ ಎಲ್ಲ ಹೊಸದಾಗಿ ಹಾಕಿಸಿದ್ದೆ. ಯಾರೋ ಮಿಕ್ಸರಿನ ಎರಡೂ ತಿರುಪು ತೆರೆದಿಟ್ಟು, ಹ್ಯಾಂಡ್ ಶವರಿನ ಗುಂಡಿಯಲ್ಲಿ ಮಾತ್ರ ನೀರು ನಿಲ್ಲಿಸಿದ್ದರು. ನೋಡಿದರೆ ಎಲ್ಲ ಬಂದ್ ಆದ ಹಾಗೆ ಕಾಣುತ್ತದೆ. ಆದರೆ ಒಳಗೆ ಬಿಸಿ, ತಣ್ಣೀರಿನ ಪೈಪುಗಳೆರಡೂ ಒಂದಾಗಿರುತ್ತವೆ. ನಮ್ಮಲ್ಲಿ ಪ್ರೆಷರ್ ಪಂಪ್ ಇರೋದು ತಣ್ಣೀರಿನ ಲೈನಿಗೆ ಮಾತ್ರ, ಅದರ ಜೋರಿಗೆ ತಣ್ಣೀರು ಆ ಕಡೆ ದಾಟಿ ಮೇಲಿನ ನಲ್ಲಿಗೆ ಬರುತ್ತಿತ್ತು. ಮಿಕ್ಸರ್ ತಿರುಪು ಮುಚ್ಚಿದೆ. ಮಾರನೇ ಬೆಳಿಗ್ಗೆ ಅಮ್ಮ "ಅಬ್ಬ, ಸುಡ್ತು ಕಣೋ" ಅಂದರು. ಅಂದರೆ ದಸರಾದಿಂದಲೂ ಹೀಗೇ ಇತ್ತು, ಚಳಿ ಬರೋವರೆಗೆ ಯಾರಿಗೂ ಗೊತ್ತಾಗಿರಲಿಲ್ಲ ಅಷ್ಟೇ.

ಇದನ್ನ ಜಂಬದಿಂದ ಮಂಡ್ಯದ ಮಾವನ ಹತ್ತಿರ ಹೇಳಿಕೊಂಡಿದ್ದೇ ತಪ್ಪಾಯಿತು. "ಹಂಗಾರೆ ನಮ್ದೂ ಬಂದು ನೋಡಿ ಅಳಿಯಂದ್ರೆ" ಅಂದರು.

ಅವರದು ಬೋರ್‌ವೆಲ್ ನೀರು, ಗಡಸು. ಅಲ್ಲಿ ಕಥೆ ಬೇರೆ. ಗೀಸರ್ ಆನ್ ಮಾಡಿದರೆ ಒಲೆ ಮೇಲೆ ಎಸರು ಕುದಿಯೋ ಹಾಗೆ ಸೊಂಯ್ ಅನ್ನೋ ಸದ್ದು. ಎರಡು ಬಕೆಟ್ ಬರುತ್ತಿದ್ದ ಬಿಸಿನೀರು ಒಂದಕ್ಕೇ ಮುಗಿಯುತ್ತಿತ್ತು. ಕೊನೆಗೆ ಸ್ವಿಚ್ ಹಾಕಿದ ತಕ್ಷಣ ಇಡೀ ಮನೆ ಕರೆಂಟ್ ಟ್ರಿಪ್. ಇದು ಮಾತ್ರ ಅಪಾಯ. ಕಾಯಿಲ್ ಒಡೆದು ನೀರಿಗೆ ಕರೆಂಟ್ ಇಳಿಯುತ್ತಿದೆ ಅಂತ ಅರ್ಥ. "ಮತ್ತೆ ಮತ್ತೆ ಹಾಕಿ ನೋಡಿದ್ರೆ ನಿಲ್ಲುತ್ತೆ" ಅನ್ನುತ್ತಿದ್ದರು ಮಾವ. ನಾನು ಪ್ಲಗ್ಗೇ ಕಿತ್ತಿಟ್ಟೆ. ಇದಕ್ಕೆ ನಾನು ಕೈ ಹಾಕಲಿಲ್ಲ, ಎಲೆಕ್ಟ್ರಿಷಿಯನ್ ಕರೆಸಿ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತೆ. ಕಾಯಿಲ್ ಮೇಲೆ ಬೆರಳು ದಪ್ಪ ಸುಣ್ಣದ ಹಕ್ಕಳೆ, ತಳದಲ್ಲಿ ಅರ್ಧ ಬಕೆಟ್ ಬಿಳಿ ರಾಡಿ. ನೀರು ಕಡಿಮೆ ಬರುತ್ತಿದ್ದದ್ದು ಯಾಕೆ ಅಂತ ಆಗ ತಿಳಿಯಿತು, ಜಾಗವನ್ನೆಲ್ಲ ಸುಣ್ಣವೇ ತಿಂದಿತ್ತು. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯೋ ಮೆಗ್ನೀಷಿಯಂ ಕಡ್ಡಿ ಇರುತ್ತಲ್ಲ, ಅದು ಬರೀ ತಂತಿಯಾಗಿತ್ತು. ಕಾಯಿಲ್, ಕಡ್ಡಿ, ವಾಷರ್ ಮೂರೂ ಹೊಸದು ಹಾಕಿಸಿದೆವು. ನಲ್ಲಿಯಲ್ಲಿ ನೀರು ಬಂದ ಮೇಲೇ ಸ್ವಿಚ್ ಹಾಕಿದ್ದು, ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಹೊಸ ಕಾಯಿಲ್ಲೂ ಢಮಾರ್.

ಇನ್ನೊಂದು ವಿಷಯಕ್ಕೆ ಮಾವನಿಗೂ ನನಗೂ ಸಣ್ಣ ಜಗಳವೇ ಆಯಿತು. ಗೀಸರ್ ಕೆಳಗಿನ ಸೇಫ್ಟಿ ವಾಲ್ವಿನಿಂದ ತೊಟ್ಟು ತೊಟ್ಟು ನೀರು ಬೀಳುತ್ತೆ ಅಂತ ಅವರು ಎಂಸೀಲ್ ಹಚ್ಚೋಕೆ ಹೊರಟಿದ್ದರು. ಕಾಯುವಾಗ ನೀರು ಹಿಗ್ಗಿ ನಾಲ್ಕು ತೊಟ್ಟು ಬೀಳೋದು ಸಹಜ. ದಿನವಿಡೀ ಸುರಿದರೆ ವಾಲ್ವ್ ಬದಲಾಯಿಸಬೇಕು, ಮುಚ್ಚಬಾರದು. ಒತ್ತಡಕ್ಕೆ ಹೊರಗೆ ಬರೋ ದಾರಿ ಅದೊಂದೇ. ಇನ್ನು ಅವರಲ್ಲಿ ದೀಪ ಆರೋಕೆ ಅರ್ಧ ಗಂಟೆ ಮೇಲೇ ಬೇಕು. ಅದು ಗೀಸರ್ ದೋಷ ಅಲ್ಲ. ಬೆಳಿಗ್ಗೆ ಆರಕ್ಕೆ ಫ್ರಿಜ್ಜಿನ ಸ್ಟೆಬಿಲೈಜರ್ ನೋಡಿದರೆ 180 ವೋಲ್ಟ್ ತೋರಿಸುತ್ತಿತ್ತು, ಆ ವೋಲ್ಟೇಜಿಗೆ 2000 ವ್ಯಾಟ್ ಕಾಯಿಲ್ 1200ರಷ್ಟೇ ಕೆಲಸ ಮಾಡೋದು.

ನಮ್ಮನೆಯಲ್ಲಿ ತಣ್ಣೀರು ಹಿಂದಕ್ಕೆ ನುಗ್ಗದಂತೆ ನಾನ್ ರಿಟರ್ನ್ ವಾಲ್ವ್ ಹಾಕಿಸಬೇಕು. ಪ್ಲಂಬರ್ "ಸಂಕ್ರಾಂತಿ ಕಳೀಲಿ ಸಾರ್" ಅಂತಿದ್ದಾರೆ. ಅಲ್ಲೀವರೆಗೆ ಕೆಳಗಿನ ಮಿಕ್ಸರ್ ತಿರುಪಿಗೆ ಕೆಂಪು ಟೇಪ್ ಸುತ್ತಿದ್ದೇನೆ.